ಎಲ್ಲರೂ ಒಂದ್ನಿಮಿಷ ಕೂತ್ಕೊಳ್ಳಿ

ಪ್ರತಿ ಭಾನುವಾರ ನಾನು ಒಂದು ಸುಳ್ಳು ಹೇಳ್ತೀನಿ, ಅದೂ ಚರ್ಚಿನೊಳಗೆ, ಪೀಠದ ಪಕ್ಕದಲ್ಲೇ ನಿಂತು, ಮೈಕಲ್ಲಿ. ಪರಮಪ್ರಸಾದ ಕೊಟ್ಟಾಗಿ, ಫಾದರ್ ಆಮೇಲಿನ ಪ್ರಾರ್ಥನೆ ಮುಗಿಸಿ, ಇನ್ನೇನು ಕೊನೇ ಆಶೀರ್ವಾದಕ್ಕೆ ಕೈ ಎತ್ತಬೇಕು ಅನ್ನೋವಾಗ ನಾನು ಎದ್ದು ಹೋಗಿ "ಎಲ್ಲರೂ ಒಂದ್ನಿಮಿಷ ಕೂತ್ಕೊಳ್ಳಿ" ಅಂತೀನಿ. ಅದು ಒಂದ್ನಿಮಿಷ ಅಲ್ಲ ಅಂತ ನಂಗೂ ಗೊತ್ತು, ಕೂರೋರಿಗೂ ಗೊತ್ತು, ಮೇಲಿರೋರಿಗೂ ಗೊತ್ತಿರ್ಬೇಕು. ಹೋದ ವರ್ಷದ ತನಕ ಕಮ್ಮಿ ಅಂದ್ರೂ ಎಂಟು ನಿಮಿಷ, ಹಬ್ಬದ ತಿಂಗಳಾದ್ರೆ ಹದಿನೈದು. ಇದಕ್ಕೆ ನಮ್ಮಲ್ಲಿ ಪ್ರಕಟಣೆ ಅಂತಾರೆ.

ಈ ಪ್ರಕಟಣೇನ ಆಶೀರ್ವಾದಕ್ಕೆ ಮುಂಚೆ ಇಟ್ಟಿರೋದು ಯಾರೋ ಬುದ್ಧಿವಂತರೇ. ಆಶೀರ್ವಾದ ಆದ್ಮೇಲೆ ಇಟ್ಟಿದ್ರೆ ಕೇಳೋಕೆ ನಾನೂ ಫಾದರ್ರೂ ಇಬ್ರೇ ಇರ್ತಿದ್ವಿ. ಈಗ್ಲೂ ಕೆಲವರು ಪರಮಪ್ರಸಾದದ ಕ್ಯೂ ಇಂದಾನೇ, ಬಾಯಲ್ಲಿ ಇನ್ನೂ ಕರಗಿರಲ್ಲ, ಹಂಗೇ ಕೈ ಮುಗ್ಕೊಂಡು ಭಕ್ತಿಯಿಂದ ಸೈಡ್ ಬಾಗಿಲ ತನಕ ಹೋಗಿ ಅಲ್ಲಿಂದ ಬೈಕ್ ಸ್ಟಾರ್ಟ್ ಮಾಡ್ತಾರೆ. ನಾನು ಅವರನ್ನ ಬೈಯಲ್ಲ. ಭಾನುವಾರ ಮಟನ್ ಅಂಗಡಿ ಕ್ಯೂ ಏನು ಅಂತ ನಂಗೂ ಗೊತ್ತು, ಹತ್ತು ನಿಮಿಷ ಲೇಟಾದ್ರೆ ತೊಡೆ ಹೋಗಿ ಬರೀ ಮೂಳೆ ಸಿಗುತ್ತೆ.

ನಂಗೆ ಈ ಕೆಲಸ ಸಿಕ್ಕಿದ್ದು ಭಕ್ತಿಗಲ್ಲ, ಗಂಟಲಿಗೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಮೈಸೂರು–ಮಂಡ್ಯ ರೂಟಲ್ಲಿ ಕಂಡಕ್ಟರ್ ಆಗಿದ್ದೋನು ನಾನು. ಒಂದ್ಸಲ ಪೂಜೆ ಮಧ್ಯ ಕರೆಂಟ್ ಹೋಗಿ ಮೈಕ್ ಸತ್ತಾಗ, ಹಿಂದೆ ನಿಂತಿದ್ದೋರಿಗೆ ನಾನು ಸುಮ್ನೆ ಅಭ್ಯಾಸಬಲದಿಂದ "ಮುಂದಕ್ಕೆ ಬನ್ನಿ, ಮುಂದೆ ಜಾಗ ಇದೆ" ಅಂದೆ, ಇಡೀ ಚರ್ಚು ಮುಂದಕ್ಕೆ ಬಂತು. ಮುಂದಿನ ವಾರದಿಂದ ಪ್ರಕಟಣೆ ನಂದು. ಶುರುವಲ್ಲಿ ಒಂದೆರಡು ಸಲ ಕೊನೆಗೆ "ರೈಟ್" ಅಂದುಬಿಟ್ಟಿದ್ದೂ ಉಂಟು.

ಹೊರಗಿನೋರಿಗೆ ಮೈಸೂರಲ್ಲಿ ಚರ್ಚಿಗೆ ಹೋಗ್ತೀನಿ ಅಂದ್ರೆ "ಫಿಲೋಮಿನಾಸಾ?" ಅಂತಾರೆ. ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರೇ 1933ರಲ್ಲಿ ಅಡಿಗಲ್ಲು ಹಾಕಿದ್ದು, ಎರಡು ಗೋಪುರ 175 ಅಡಿ, ಕೆಳಗೆ ನೆಲಮಾಳಿಗೇಲಿ ಸಂತ ಫಿಲೋಮಿನಾ ಮಲಗಿರೋ ಮೂರ್ತಿ, ಹೊರಗೆ ಸೆಲ್ಫಿ ತಗೊಳ್ಳೋ ಟೂರಿಸ್ಟ್‌ಗಳು. ನಮ್ದು ಅದಲ್ಲ. ನಮ್ದು ಬನ್ನಿಮಂಟಪದ ಆಚೆ ಕಡೆ, ಒಂದು ಗಂಟೆ, ಪಕ್ಕದಲ್ಲಿ ಒಂದು ಶೀಟಿನ ಶೆಡ್ಡು, ಆ ಶೆಡ್ಡೇ ಹಾಲು, ಅದೇ ಧರ್ಮೋಪದೇಶದ ಕ್ಲಾಸು, ಅದೇ ಸತ್ತೋರ ಮನೆಯ ಊಟದ ಜಾಗ. ನಮ್ಮಲ್ಲಿ ಫೋಟೋ ತೆಗೆಯೋಕೆ ಏನೂ ಇಲ್ಲ, ಆದ್ರೆ ಪ್ರಕಟಣೆ ಬೇಜಾನ್ ಇದೆ.

ನಮ್ಮಜ್ಜಿ ಹೇಳ್ತಿದ್ರು, ಅವರ ಕಾಲದಲ್ಲಿ ಪೂಜೆ ಪೂರ್ತಿ ಲತೀನಲ್ಲಿ, ಫಾದರ್ ಜನಕ್ಕೆ ಬೆನ್ನು ಮಾಡಿ ಏನೋ ಹೇಳ್ಕೊಳ್ಳೋರು, ಹೆಂಗಸರು ಜಪಸರ ಎಣಿಸ್ಕೊಂಡು ಕೂರೋರು, ತಿಳಿಯೋ ಭಾಷೇಲಿ ಕಿವಿಗೆ ಬೀಳ್ತಿದ್ದಿದ್ದು ಪ್ರಸಂಗ ಮತ್ತೆ ಪ್ರಕಟಣೆ ಅಷ್ಟೇ ಅಂತೆ. 1962ರಿಂದ 65ರ ತನಕ ರೋಮಲ್ಲಿ ಬಿಷಪ್‌ಗಳೆಲ್ಲ ಸೇರಿ ವ್ಯಾಟಿಕನ್ ಮಹಾಸಭೆ ನಡೆಸಿದ್ಮೇಲೆ ತಾನೆ ಪೂಜೆ ಕನ್ನಡಕ್ಕೆ ಬಂದಿದ್ದು. ಅಂದ್ರೆ ಲೆಕ್ಕಕ್ಕೆ ನಾನು ನಿಲ್ಲೋ ಜಾಗ, ಕನ್ನಡ ಪೂಜೆಗಿಂತ ಹಳೇದು. ಇದನ್ನ ಒಂದ್ಸಲ ಫಾದರ್‌ಗೆ ಹೇಳ್ದೆ. "ಹಂಗಂತ ಜಾಸ್ತಿ ಹೊತ್ತು ಎಳೀಬೇಡಿ" ಅಂದ್ರು.

ಒಳಗೆ ಏನೇನಿರುತ್ತೆ ಅಂದ್ರೆ, ಕೆಎ ೦೯ ಗಾಡಿ ಗೇಟಿಗೆ ಅಡ್ಡ ನಿಂತಿದೆ ತೆಗೀರಿ ಅನ್ನೋದರಿಂದ ಹಿಡಿದು ಮದುವೆ ತನಕ. ನವೆಂಬರ್ 2 ಸತ್ತೋರ ಹಬ್ಬ, ಸಮಾಧಿ ಹತ್ರ ಹುಲ್ಲು ಕೀಳೋಕೆ ಶನಿವಾರ ಬನ್ನಿ, ಕುಡುಗೋಲು ನೀವೇ ತನ್ನಿ. ಕಾನ್ವೆಂಟ್ ಸಿಸ್ಟರ್‌ಗಳ ಹತ್ರ ಟೈಲರಿಂಗ್ ಕ್ಲಾಸು, ಯಾವ ಜಾತಿ ಧರ್ಮದೋರಾದ್ರೂ ಸೇರ್ಬಹುದು. ರಕ್ತದಾನ ಶಿಬಿರ, ಇದನ್ನ ಓದಿದಾಗ ಮಾತ್ರ ಗಂಡಸರೆಲ್ಲ ಒಟ್ಟಿಗೆ ಚಪ್ಪಲಿ ನೋಡ್ಕೋತಾರೆ. ಕಣ್ಣಿನ ತಪಾಸಣೆಗೆ ಬೇಕಾದ್ರೆ ಅಕ್ಕಪಕ್ಕದ ಮೊಹಲ್ಲಾದೋರೆಲ್ಲ ಬಂದು ಶೆಡ್ಡು ತುಂಬುತ್ತೆ, ಟೋಪಿ ಹಾಕಿರೋ ತಾತ, ವಿಭೂತಿ ಇಟ್ಟಿರೋ ತಾತ, ಜಪಸರ ಹಾಕಿರೋ ತಾತ ಮೂವರೂ ಒಂದೇ ಬೆಂಚಲ್ಲಿ ಒಂದೊಂದು ಕಣ್ಣು ಮುಚ್ಕೊಂಡು ಅದೇ ಬೋರ್ಡಿನ ಅಕ್ಷರ ಓದ್ತಾ ಕೂರ್ತಾರೆ.

ಈ ಔಷಧಿ ಉಪಚಾರದ ಕೆಲಸ ನಮ್ಮ ಕಡೆ ಹೊಸದೇನಲ್ಲ. ನಾನು ದಿನಾ ಬಸ್ಸಲ್ಲಿ ದಾಟ್ತಿದ್ದ ಶ್ರೀರಂಗಪಟ್ಣದ ಗಂಜಾಂನಲ್ಲಿ ಒಂದು ಹಳೇ ಚರ್ಚಿದೆ, ಅಬ್ಬೆ ದುಬ್ವಾ ಅವರ ಚರ್ಚು. 1799ರಲ್ಲಿ ಟಿಪ್ಪು ಸತ್ತ ಮೇಲೆ ಚೆದುರಿ ಹೋಗಿದ್ದ ಕ್ರೈಸ್ತರನ್ನ ಒಟ್ಟು ಮಾಡೋಕೆ ಬಂದ ಫ್ರೆಂಚ್ ಪಾದ್ರಿ, ಊರೋರ ಥರಾನೇ ಬಟ್ಟೆ ಹಾಕ್ಕೊಂಡು, ಊರೋರ ಊಟ ಮಾಡ್ಕೊಂಡು ಇದ್ದೋರು, ಜನ ದೊಡ್ಡಸ್ವಾಮಿಯೋರು ಅಂತಿದ್ರು. ಸಿಡುಬಿಗೆ ದೇವಿ ಹಾಕಿಸೋ, ಅಂದ್ರೆ ಲಸಿಕೆ ಚುಚ್ಚಿಸೋ ಕೆಲಸಾನ ಮೈಸೂರು ಸೀಮೇಲಿ ಓಡಾಡಿ ಮಾಡಿಸಿದ್ರು. ಆವಾಗ ಸೂಜಿ ಅಂದ್ರೆ ಜನ ಎಷ್ಟು ಹೆದರ್ತಿದ್ರೋ. ಅವರಿಗೂ ಭಾನುವಾರ ಪೂಜೆ ಆದ್ಮೇಲೆ "ಒಂದ್ನಿಮಿಷ ಕೂತ್ಕೊಳ್ಳಿ" ಅನ್ನೋನು ಒಬ್ಬ ಬೇಕಾಗಿದ್ದಿರಬೇಕು, ಮತ್ತೆ ಆವತ್ತೂ ಗಂಡಸರು ನೆಲ ನೋಡ್ಕೊಂಡಿರ್ಬೇಕು ಅಂತ ನನ್ನ ಊಹೆ.

ನಂಗೆ ಭಾಳ ಇಷ್ಟ ಮದುವೆ ಪ್ರಕಟಣೆ. ಇಂಥೋರ ಮಗ ಇಂಥೋರು, ಇಂಥೋರ ಮಗಳು ಇಂಥೋರನ್ನ ಮದುವೆ ಆಗೋರಿದಾರೆ, ಇದು ಮೊದಲನೇ ಪ್ರಕಟಣೆ, ಯಾರಿಗಾದ್ರೂ ಏನಾದ್ರೂ ಅಡ್ಡಿ ಗೊತ್ತಿದ್ರೆ ಗುರುಗಳಿಗೆ ತಿಳಿಸ್ಬೇಕು. ಹಿಂಗೆ ಮೂರು ಭಾನುವಾರ. ಕದ್ದುಮುಚ್ಚಿ ಮದುವೆ ಆಗ್ಬಾರ್ದು ಅಂತ 1215ರಲ್ಲೇ ರೋಮಿನ ಲ್ಯಾಟರನ್ ಮಹಾಸಭೆ ಇಡೀ ಧರ್ಮಸಭೆಗೆ ಮಾಡಿದ ರೂಲು ಇದು, ಈಗ ಆಧಾರ್ ಕಾರ್ಡು, ಮ್ಯಾಟ್ರಿಮೊನಿ, ಫೇಸ್‌ಬುಕ್ಕು ಎಲ್ಲಾ ಬಂದ್ರೂ ನಮ್ಮಲ್ಲಿ ಓದ್ತೀವಿ. ನಾನು ಓದೋಕೆ ಶುರು ಮಾಡಿದ್ಮೇಲೆ ಒಬ್ರೂ ಅಡ್ಡಿ ಹೇಳಿಲ್ಲ. ಆದ್ರೆ "ಅಡ್ಡಿ" ಅನ್ನೋ ಪದ ಬಂದ ತಕ್ಷಣ ನಾಲ್ಕಾರು ತಲೆ ಹಿಂದಕ್ಕೆ ತಿರುಗುತ್ತೆ, ಯಾರಾದ್ರೂ ಎದ್ದು ನಿಂತ್ರೇನೋ ಅನ್ನೋ ಆಸೇಲಿ.

ಇನ್ನೊಂದು ಐಟಮ್ಮು ಇತ್ತು, ದಾನಿಗಳ ಹೆಸರು. ಇದು ಕಂಡಕ್ಟರ್‌ಗೆ ಚಿಲ್ಲರೆ ಇದ್ದಂಗೆ, ಎಷ್ಟು ಹುಷಾರಾಗಿದ್ರೂ ಜಗಳ ತಪ್ಪಲ್ಲ. ಹೂವಿಗೆ ಕೊಟ್ಟೋರು, ಫ್ಯಾನಿಗೆ ಕೊಟ್ಟೋರು, ಕ್ರಿಸ್ಮಸ್‌ಗೆ ಯೇಸು ಹುಟ್ಟಿದ ಕೊಟ್ಟಿಗೆ ಥರ ಕಟ್ಟೋ ಗೋದಲಿಗೆ ಎಲ್‌ಇಡಿ ಬಲ್ಬಿನ ಸರ ಕೊಟ್ಟೋರು. ಬಲ್ಬಿನೋರ ಇನಿಷಿಯಲ್ ಒಂದನ್ನ ನಾನು ತಪ್ಪಾಗಿ ಓದಿ, ಆ ಪುಣ್ಯ ಪೂರ್ತಿ ಅವರ ದಾಯಾದಿ ಖಾತೆಗೆ ಹೋಯ್ತು, ಎರಡು ಮನೆಗೂ ಮಾತಿಲ್ಲ, ಮುಂದಿನ ವಾರ ತಿದ್ದುಪಡಿ ಪ್ರಕಟಣೆ ಓದಿದ್ದಾಯ್ತು. ಪ್ರತಿ ವರ್ಷ ವಿಭೂತಿ ಬುಧವಾರ ಓದೋದು ಮತ್ತಾಯನ ಸುವಾರ್ತೆ ಆರನೇ ಅಧ್ಯಾಯ: ದಾನ ಮಾಡುವಾಗ ಮುಂದೆ ತುತ್ತೂರಿ ಊದಿಸ್ಬೇಡ, ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರ್ದು. ಎಲ್ಲರೂ ಹಣೆಗೆ ಬೂದಿ ಹಚ್ಚಿಸ್ಕೊಂಡು ತಲೆ ತಗ್ಗಿಸಿ ಕೇಳ್ತಾರೆ. ಅರ್ಧ ಗಂಟೆ ಆದ್ಮೇಲೆ ನಾನು ಎದ್ದು ಬಂದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಅನ್ನದಾನಕ್ಕೆ ಯಾರ್ಯಾರು ಎಷ್ಟೆಷ್ಟು ಕೊಟ್ರು ಅಂತ ಓದ್ತಿದ್ದೆ. ಆ ತುತ್ತೂರಿ ನಾನೇ.

ನಾನು ವಿನ್ಸೆಂಟ್ ಡಿ ಪಾಲ್ ಸಭೇಲೂ ಇದೀನಿ. ಪ್ಯಾರಿಸ್ಸಲ್ಲಿ 1833ರಲ್ಲಿ ಓಝನಾಮ್ ಅನ್ನೋ ಇಪ್ಪತ್ತು ವರ್ಷದ ಕಾಲೇಜ್ ಹುಡುಗ ನಾಲ್ಕಾರು ಜನ ಸೇರಿಸ್ಕೊಂಡು ಶುರು ಮಾಡಿದ್ದು, ಬಡವರಿಗೆ ಸಹಾಯ ಮಾಡೋದಾದ್ರೆ ಕರೆಸಿ ಕೊಡ್ಬೇಡಿ, ಅವರ ಮನೆಗೇ ಹೋಗಿ ಅನ್ನೋದು ಅದರ ಮುಖ್ಯ ಪದ್ಧತಿ, ಒಬ್ಬೊಬ್ರೇ ಅಲ್ಲ ಇಬ್ಬಿಬ್ರು. ಶೆಡ್ಡಲ್ಲಿ ಮೀಟಿಂಗು, ಎಂಟತ್ತು ಜನ, ಪ್ರಾರ್ಥನೆ, ಯಾರ ಮನೇಲಿ ಏನ್ ಕಷ್ಟ ಅಂತ ವರದಿ, ಆಮೇಲೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಬರುತ್ತೆ. ಸೀಕ್ರೆಟ್ ಬ್ಯಾಗು ಅಂತಾನೇ ಅಂತಾರೆ. ಕಡು ನೀಲಿ ಬಟ್ಟೆ, ಬಾಯಿ ಸಣ್ಣದು, ಒಳಗೆ ಏನಿದೆ ಕಾಣಲ್ಲ. ಎಲ್ಲರೂ ಮುಷ್ಟಿ ಮುಚ್ಚಿ ಒಳಗೆ ಹಾಕ್ಬೇಕು, ಐನೂರಿದ್ದೋರೂ, ಐದಿದ್ದೋರೂ, ಏನೂ ಇಲ್ಲದೋರೂ. ಇಲ್ಲದೋರು ಖಾಲಿ ಮುಷ್ಟಿ ಹಾಕಿ ತೆಗೀತಾರೆ, ಯಾರಿಗೂ ಗೊತ್ತಾಗಲ್ಲ. ಪೆನ್ಶನ್ ಲೇಟಾದ ತಿಂಗಳು ನಾನೂ ಹಂಗೆ ಹಾಕಿದೀನಿ. ಇಪ್ಪತ್ತು ವರ್ಷ ಒಂದೊಂದು ರೂಪಾಯಿಗೂ ಟಿಕೆಟ್ ಹರಿದು ಕೊಟ್ಟೋನಿಗೆ, ಲೆಕ್ಕ ಕೇಳ್ದೆ ಇರೋ ಈ ಚೀಲ ಮೊದಮೊದಲು ಅರ್ಥಾನೇ ಆಗಿರ್ಲಿಲ್ಲ.

ಭಾನುವಾರ ಸುಳ್ಳು, ಮೀಟಿಂಗ್ ದಿನ ಗುಟ್ಟು, ಎರಡೂ ಸಲೀಸಾಗಿ ನಡ್ಕೊಂಡು ಹೋಗ್ತಿತ್ತು. ಹೋದ ವರ್ಷ ಮಳೆಗಾಲದಲ್ಲಿ ಎರಡೂ ಪೇಪರು ಒಂದೇ ಕ್ಲಿಪ್ಪಿಗೆ ಸಿಕ್ಕಾಕ್ಕೊಳ್ತು.

ಅವತ್ತು ಜೋರು ಮಳೆ, ಶೀಟಿನ ಸದ್ದಿಗೆ ಏನೂ ಕೇಳಿಸ್ತಿಲ್ಲ, ನಾನು ಹಳೇ ಬಸ್‌ಸ್ಟ್ಯಾಂಡ್ ಗಂಟಲು ತೆಗೆದು ಓದ್ತಾ ಇದೀನಿ. ಹೂವಿನ ದಾನಿಗಳು ಆಯ್ತು, ಸ್ಪೀಕರ್ ರಿಪೇರಿ ದಾನಿಗಳು ಆಯ್ತು, ಪೇಜ್ ತಿರುಗಿಸಿದೆ, ಮೇಲೆ ಇನ್ನೊಂದು ಲಿಸ್ಟು, ಹೆಸರು ಬೀದಿ ಸಮೇತ. ದಾನಿಗಳೇ ಅಂದ್ಕೊಂಡು ಓದ್ದೆ. ಒಂದು, ಎರಡು, ಮೂರು, ನಾಲ್ಕನೇ ಹೆಸರಿನ ಮುಂದೆ "ಅಕ್ಕಿ 10 ಕೆಜಿ, ಎಣ್ಣೆ" ಅಂತ ನಮ್ಮ ಸೆಕ್ರೆಟರಿ ಕೈಬರಹ ನೋಡಿದಾಗ ಬಾಯಿ ಕಟ್ಟೋಯ್ತು. ಸಭೆಯವರು ತಿಂಗಳು ತಿಂಗಳು ಅಕ್ಕಿ ಕೊಡೋ ಮನೆಗಳ ಲಿಸ್ಟದು. ಆ ಅಕ್ಕಿ ಭಾನುವಾರ ಕೊಡಲ್ಲ, ಚರ್ಚಿನ ಹತ್ರ ಕೊಡಲ್ಲ, ಸಂಜೆ ಕತ್ತಲಾದ್ಮೇಲೆ ಸ್ಕೂಟರಲ್ಲಿ ಇಟ್ಕೊಂಡು ಹೋಗಿ, ಸಾಮಾನ್ಯ ನೆಂಟರು ಬಂದಂಗೆ ಒಳಗೆ ಹೋಗಿ ಇಟ್ಟು ಬರ್ತೀವಿ. ಅದನ್ನ ನಾನು ಮುನ್ನೂರು ಜನರ ಮುಂದೆ, ಪಿನ್ ಟು ಪಿನ್. ನಾಲ್ಕನೇ ಹೆಸರಿನ ಅಮ್ಮ ಮೂರನೇ ಬೆಂಚಲ್ಲಿ ಕೂತಿದ್ರು. ಹೆಸರು ಇಲ್ಲಿ ಬರೆಯಲ್ಲ, ಒಂದ್ಸಲ ಓದಿದ್ದೇ ಸಾಕು.

ಮಳೆ ಸದ್ದಿಗೆ ಯಾರಿಗೂ ಕೇಳಿಸಿರಲ್ಲ ಬಿಡಿ ಅಂತ ಎಲ್ಲರೂ ಸಮಾಧಾನ ಮಾಡಿದ್ರು. ನನ್ನ ಗಂಟಲು ನಂಗೆ ಗೊತ್ತಿಲ್ವಾ.

ಆ ಅಮ್ಮ ಮುಂದಿನ ವಾರದಿಂದ ನಮ್ಮ ಪೂಜೆಗೆ ಬರ್ಲಿಲ್ಲ. ಬೆಳಗ್ಗೆ ತಮಿಳು ಪೂಜೆಗೆ ಹೋಗ್ತಿದಾರೆ ಅಂತ ಗೊತ್ತಾಯ್ತು, ಅವರಿಗೆ ತಮಿಳು ಅಷ್ಟಕ್ಕಷ್ಟೇ. ಮೂರು ವಾರ ತಡೆದು, ಜೊತೆಗೆ ಇನ್ನೊಬ್ರನ್ನ ಕರ್ಕೊಂಡು ಹೋದೆ. ಒಂದು ರೂಮು, ಹೊಲಿಗೆ ಮಿಷನ್ನು, ಗೋಡೆ ಮೇಲೆ ಯೇಸುವಿನ ತಿರುಹೃದಯದ ಪಟ, ಪಕ್ಕದಲ್ಲಿ ತೀರಿಹೋದ ಯಜಮಾನರ ಫೋಟೋ. ನಾನು ಸಾರಿ ಅನ್ನೋಕೆ ಬಾಯಿ ತೆಗೆಯೋಷ್ಟರಲ್ಲಿ ಸ್ಟೌ ಹಚ್ಚಿ ಕಾಫಿಗಿಟ್ರು. ನಾವು ಬೇಡ ಅಂದ್ವಿ. "ಯಾಕಣ್ಣ, ಇಲ್ಲಿ ಬಂದ್ರೆ ಕೊಡೋರು ನೀವೇ ಆಗ್ಬೇಕಾ?" ಅಂದ್ರು. ಕುಡಿದ್ವಿ.

ಲೋಟ ಕೆಳಗಿಟ್ಟ ಮೇಲೆ ಅವರೇ ಹೇಳಿದ್ರು, "ಚರ್ಚಲ್ಲಿ ಮೈಕಲ್ಲಿ ನನ್ನ ಹೆಸರು ಬಂದಿದ್ದು ನನ್ನ ಮದುವೇಲಿ, ಮೂರು ಭಾನುವಾರ. ನಮ್ಮವ್ವ ಮೂರು ಸಲಾನೂ ಅತ್ತಿದ್ದಳು. ಆಮೇಲೆ ಬಂದಿದ್ದು ನಿಮ್ಮ ಬಾಯಲ್ಲೇ." ಅಷ್ಟು ಹೇಳಿ ಲೋಟ ತೊಳೆಯೋಕೆ ಎದ್ರು. ಬೈದಿದ್ರೆ ನಂಗೆ ಸುಲಭ ಇತ್ತು, ಬಸ್ಸಲ್ಲಿ ಎಂಥೆಂಥ ಬೈಗುಳ ತಿಂದಿದೀನಿ.

ಅದಾದ್ಮೇಲೆ ನಮ್ಮಲ್ಲಿ ಹೆಸರು ಓದೋದನ್ನೇ ಫಾದರ್ ನಿಲ್ಲಿಸಿದ್ರು, ತಗೊಳ್ಳೋರದ್ದು ಬಿಡಿ, ಕೊಡೋರದ್ದೂ ಇಲ್ಲ. ದಾನಿಗಳ ಲಿಸ್ಟು ನೋಟಿಸ್ ಬೋರ್ಡಿಗೂ ಹಾಕಂಗಿಲ್ಲ. ನನ್ನ ಪ್ರಕಟಣೆ ಆರು ನಿಮಿಷಕ್ಕೆ ಇಳೀತು, ಮಟನ್ ಅಂಗಡಿ ಜನಕ್ಕೆ ಖುಷಿ, ಹೂವಿನ ಕಾಣಿಕೆ ಅರ್ಧ ಆಯ್ತು, ಗೋದಲಿಗೆ ಬಲ್ಬಿನ ಸರ ಯಾರೂ ಕೊಡ್ಲಿಲ್ಲ. ಹಳೇ ಸರದಲ್ಲಿ ಹಸಿರು ಮಾತ್ರ ಉರೀತಿತ್ತು.

ಡಿಸೆಂಬರ್ ಎರಡನೇ ವಾರ ಆ ಅಮ್ಮ ವಾಪಸ್ ಬಂದ್ರು, ಅದೇ ಮೂರನೇ ಬೆಂಚು. ಪೂಜೆ ಶುರು ಆಗೋಕೆ ಮುಂಚೆ ನನ್ನ ಹತ್ರ ಬಂದು ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೊಟ್ಟು "ಗೋದಲಿ ಹುಲ್ಲಿಗೆ" ಅಂದ್ರು. ನಾನು ಕಾಣಿಕೆ ಡಬ್ಬೀಗೆ ಹಾಕಿ ಅಮ್ಮ ಅಂದೆ. "ಡಬ್ಬಿ ಬೇಡ. ಓದಿ."

ಈಗ ಹೆಸರು ಓದಲ್ಲಮ್ಮ, ಫಾದರ್ ನಿಲ್ಲಿಸಿದಾರೆ ಅಂದೆ. ಯಾರಿಂದ ನಿಲ್ಲಿಸಿದ್ರು ಅಂತ ಅವರು ಕೇಳ್ಲಿಲ್ಲ, ಸುಮ್ನೆ ನನ್ನ ಮುಖ ನೋಡಿದ್ರು. ನಾನು ನೋಟು ಹಿಡ್ಕೊಂಡು ಒಳಗೆ ಓಡ್ದೆ, ಫಾದರ್ ಪೂಜೆ ಬಟ್ಟೆ ಹಾಕ್ಕೊಳ್ತಿದ್ರು. ವಿಷಯ ಹೇಳ್ದೆ. ತಲೆ ಅಂಗಿ ಒಳಗೇ ಇತ್ತು, ಆ ಕಡೆಯಿಂದಾನೇ "ಓದಿ" ಅಂದ್ರು.

ಪರಮಪ್ರಸಾದ ಆಯ್ತು, ಎಲ್ಲರೂ ಒಂದ್ನಿಮಿಷ ಕೂತ್ಕೊಳ್ಳಿ ಅಂದೆ, ಕೂತ್ರು. ಬೇರೆ ಏನೂ ಓದ್ದೆ ಮೊದಲು ಇದನ್ನೇ ತಗೊಂಡೆ: ಈ ವರ್ಷದ ಗೋದಲಿಯ ಹುಲ್ಲಿಗೆ ಕಾಣಿಕೆ ಕೊಟ್ಟವರು, ಅಂತ ಶುರು ಮಾಡಿ ಆ ಅಮ್ಮನ ಪೂರ್ತಿ ಹೆಸರು, ಯಜಮಾನರ ಹೆಸರು, ಇನಿಷಿಯಲ್ ಎರಡೂ ಸರಿಯಾಗಿ. ಹೆಸರಿನ ನಟ್ಟನಡುವೆ ಸೈಡ್ ಬಾಗಿಲ ಹತ್ರ ಯಾವನೋ ಬುಲೆಟ್ ಸ್ಟಾರ್ಟ್ ಮಾಡ್ದ. ನಾನು ಬಾಯಿ ಮುಚ್ಚಿ ನಿಂತೆ. ಬುಲೆಟ್ಟು ಗೇಟು ದಾಟಿ, ರೋಡಿಗೆ ಹೋಗಿ, ಸಿಗ್ನಲ್ ಕಡೆ ತಿರುಗಿ ಸದ್ದು ಪೂರ್ತಿ ಅಡಗೋ ತನಕ ಕಾದು, ಮೈಕು ಪಕ್ಕಕ್ಕೆ ಸರಿಸಿ, ಮೊದಲಿಂದ ಓದ್ದೆ.