ಒಂದ್ನಿಮಿಷ

ಮಗಳು ಗೊಂಬೆ ಇಟ್ಟುಕೊಂಡು ಆಡುತ್ತಿದ್ದಳು. ಗೊಂಬೆಗೆ ಏನೋ ಬೇಕಿತ್ತಂತೆ. ಅದರ ಪರವಾಗಿ ತಾನೇ ಸಣ್ಣ ದನಿಯಲ್ಲಿ ‘ಅಮ್ಮಾ, ಅಮ್ಮಾ’ ಅಂತ ಕರೆದಳು. ಮರುಕ್ಷಣ ತಾನೇ ಅಮ್ಮನಾದಳು. ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಮೊಬೈಲಿನ ಹಾಗೆ ಹಿಡಿದು, ಅದರ ಮೇಲೆ ಹೆಬ್ಬೆರಳು ಆಡಿಸುತ್ತಾ, ತಲೆ ಎತ್ತದೆ ಅಂದಳು: ‘ಒಂದ್ನಿಮಿಷ, ಪುಟ್ಟಾ.’

ಆ ‘ಪುಟ್ಟಾ’ವನ್ನು ಎಳೆದ ರೀತಿಯೂ ನನ್ನದೇ.

ಇದಕ್ಕೆ ಎರಡು ವಾರ ಮೊದಲು ನನಗೆ ಮಕ್ಕಳಿಗೆ ಸಂಸ್ಕಾರ ಕಲಿಸುವ ಹುರುಪು ಬಂದಿತ್ತು. ‘ನಮ್ಮ ಮನೆಯ ನಿಯಮಗಳು’ ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಸುಳ್ಳು ಹೇಳಬಾರದು, ಹಂಚಿಕೊಂಡು ಆಡಬೇಕು, ಹೀಗೆ ಒಟ್ಟು ಹತ್ತು. ನಾಲ್ಕನೆಯದು, ‘ಕರೆದ ಕೂಡಲೇ ಬರಬೇಕು’. ಮಗಳು ಒಂದು ಸಲ ಓದಿದಳು, 4ಕ್ಕೆ ಎರಡು ಕಣ್ಣು ಬರೆದಳು, ಆಡೋಕೆ ಹೋದಳು.

ಗೊಂಬೆ ಅಂದಾಗ ನೆನಪಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗ 1961ರಲ್ಲಿ ಪ್ರಕಟವಾಯಿತು. ಆರು ವರ್ಷದೊಳಗಿನ 72 ಮಕ್ಕಳು. ಕೆಲವರ ಎದುರಿಗೆ ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಗುದ್ದಿದರು, ಒದ್ದರು, ಬೈದರು. ಇನ್ನು ಕೆಲವರ ಎದುರಿಗೆ ಗೊಂಬೆಯ ಗೊಡವೆಗೇ ಹೋಗದೆ ಬೇರೆ ಆಟಿಕೆ ಜೋಡಿಸುತ್ತಾ ಕೂತರು. ಆಮೇಲೆ ಮಕ್ಕಳ ಕೈಗೆ ಅದೇ ಥರದ ಗೊಂಬೆ ಸಿಕ್ಕಿತು. ಗುದ್ದುವುದನ್ನು ನೋಡಿದವರಲ್ಲಿ ಬಹಳ ಮಂದಿ ಹಾಗೇ ಗುದ್ದಿದರು. ಕೇಳಿದ ಬೈಗುಳವನ್ನೂ ಕೆಲವರು ಬಿಡಲಿಲ್ಲ. ‘ನೋಡಿ ಕಲಿಯಿರಿ’ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಮಗಳಿಗೂ ಯಾರೂ ಹೇಳಿರಲಿಲ್ಲ, ಅಲ್ವಾ?

ನಮ್ಮಪ್ಪ ಗೋಡೆಗೆ ಏನೂ ಅಂಟಿಸಿದವರಲ್ಲ. ಬುದ್ಧಿಮಾತಿಗೂ ಅವರಿಗೂ ದೂರ. ಒಂದು ಸಲ ಜೋರು ಮಳೆಯಲ್ಲಿ ಯಾರದೋ ಕೊಡೆ ಹಿಡಿದುಕೊಂಡು ಬಂದರು. ಅದನ್ನು ಬಿಚ್ಚಿ ಮೂಲೆಯಲ್ಲಿ ಇಟ್ಟರು. ಮಾರನೇ ದಿನ ಕಡ್ಡಿ ಕಡ್ಡಿಯನ್ನೂ ಬಟ್ಟೆಯಿಂದ ಒರೆಸಿದರು. ಸಡಿಲವಾಗಿದ್ದ ಒಂದು ತುದಿಗೆ ನಾಲ್ಕು ಹೊಲಿಗೆ ಹಾಕಿದರು. ಮಡಿಕೆ ಸರಿಮಾಡಿ ಸುತ್ತಿ, ಗುಂಡಿ ಹಾಕಿ ಕೊಟ್ಟು ಬಂದರು. ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ, ಅಷ್ಟೇ. ಇವತ್ತಿಗೂ ಯಾರದೇ ವಸ್ತು ಹಿಂದಿರುಗಿಸುವಾಗ ನನ್ನ ಕೈ ತಾನಾಗಿ ಬಟ್ಟೆ ಹುಡುಕುತ್ತದೆ.

ಅಪ್ಪನಿಂದ ಇದೊಂದೇ ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟು ಬಂದಾಗ ಬಾಗಿಲನ್ನು ದಡ್ ಅಂತ ಹಾಕುವುದೂ ಅವರದೇ. ಅದು ಮಗಳವರೆಗೂ ಬಂದಿದೆ. ಅವಳು ಚಿಕ್ಕವಳು, ಶಬ್ದ ಮಾತ್ರ ಜಾಸ್ತಿ.

ಮೊನ್ನೆ ಅವಳು ಗೆಳತಿಯಿಂದ ತಂದ ಪೆನ್ಸಿಲ್ ವಾಪಸ್ ಕೊಡಬೇಕಿತ್ತು. ಚೀಲಕ್ಕೆ ಹಾಕುವ ಮೊದಲು ಅದನ್ನು ಹೆರೆಯುತ್ತಾ ಕೂತಿದ್ದಳು. ಮೊನೆ ಮುರಿಯಿತು, ಮತ್ತೆ ಹೆರೆದಳು. ‘ಯಾಕೆ?’ ಅಂತ ಕೇಳಿದೆ. ‘ಕೊಡಬೇಕಲ್ಲಾ’ ಅಂದಳು. ಎಷ್ಟು ಪೆದ್ದು ಪ್ರಶ್ನೆ ಅನ್ನುವ ಹಾಗೆ ನನ್ನನ್ನು ನೋಡಿದಳು. ಈ ಪೆನ್ಸಿಲ್ ಹೆರೆಯುವುದು ನನ್ನ ಹತ್ತು ನಿಯಮಗಳಲ್ಲಿ ಎಲ್ಲೂ ಇರಲಿಲ್ಲ. ನೆನಪಿಗೆ ಬಂದು ನೋಡಿದರೆ ಗೋಡೆಯ ಕಾಗದದ ಒಂದು ಮೂಲೆ ಕಿತ್ತು ಬಂದಿತ್ತು.

ಖುಷಿಯಲ್ಲಿ ‘ಬಾ ಪುಟ್ಟಾ, ಮಲಗೋಣ’ ಅಂತ ಕರೆದೆ.

‘ಒಂದ್ನಿಮಿಷ’ ಅಂದಳು, ತಲೆ ಎತ್ತದೆ.

ಗಡಿಯಾರ ನೋಡುತ್ತಾ ಕೂತೆ. ಹನ್ನೊಂದು ನಿಮಿಷ ಆಯಿತು. ನನ್ನದಕ್ಕಿಂತ ಕಡಿಮೆಯೇ.