ಸಹವಾಸ ದೋಷದಿಂದ ಕೆಟ್ಟ ಫ್ರೆಡ್ಡಿ

ನಮ್ಮಲ್ಲಿ ಯಾರಾದ್ರೂ ಹೋದ್ಮೇಲೆ ವೈಕುಂಠ ಸಮಾರಾಧನೆ ದಿನ ಊಟ ಮುಗಿಸ್ಕೊಂಡು ಎಲೆ ಅಡಿಕೆ ತಟ್ಟೆ ಸುತ್ತ ಕೂತು ಹಿರೀಕರು ಒಂದು ಮಾತು ಹೇಳ್ತಾರೆ ನೋಡಿ, "ಹುಡುಗ ಬಂಗಾರದಂಥೋನು, ಸಹವಾಸ ಸರಿ ಇರ್ಲಿಲ್ಲ ಅಷ್ಟೇ." ಸತ್ತೋನು ಎದ್ದು ಬಂದು ಇಲ್ಲ ದೊಡ್ಡಪ್ಪ, ನಾನೇ ಇಷ್ಟಪಟ್ಟು ಹೋಗಿದ್ದು ಅನ್ನೋಕಾಗಲ್ವಲ್ಲ. ಇದೇ ಮಾತನ್ನ ಎರಡು ಗಂಟೆ ಹದಿನಾಲ್ಕು ನಿಮಿಷ ಎಳೆದು, ಮಧ್ಯೆ ಮಧ್ಯೆ ಒಳ್ಳೊಳ್ಳೆ ಹಾಡು ತುಂಬಿ 2018ರಲ್ಲಿ ಒಂದು ಸಿನಿಮಾ ರಿಲೀಸ್ ಮಾಡಿದ್ರು, ಕ್ವೀನ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ಮೇಲೆ, ಬೊಹೀಮಿಯನ್ ರ‍್ಯಾಪ್ಸಡಿ ಅಂತ. 90 ಕೋಟಿ ಡಾಲರ್‌ಗಿಂತ ಜಾಸ್ತಿ ಬಾಚ್ತು, ನಾಲ್ಕು ಆಸ್ಕರ್ ಬಂತು, ಅದ್ರಲ್ಲಿ ಒಂದು ಎಡಿಟಿಂಗ್‌ಗೆ. ಆವತ್ತು ನಾನು ನಕ್ಕಿದ್ದೆ. ಈಗ ಅನ್ಸುತ್ತೆ, ಸರಿಯಾದೋರಿಗೇ ಕೊಟ್ಟಿದಾರೆ, ಫ್ರೆಡ್ಡಿ ಮರ್ಕ್ಯುರಿಯಂಥ ಬದುಕನ್ನ ಅಷ್ಟು ನೀಟಾಗಿ ಕತ್ತರಿಸೋದು ಎಲ್ರ ಕೈಲೂ ಆಗೋ ಕೆಲ್ಸ ಅಲ್ಲ.

ಕಥೆ ಇಷ್ಟೇ. ಫ್ರೆಡ್ಡಿ ಒಳ್ಳೆ ಹುಡುಗ, ಹಾಡ್ತಾನೆ, ಮೇರಿ ಆಸ್ಟಿನ್ ಅನ್ನೋ ಒಳ್ಳೆ ಹುಡುಗಿಯನ್ನ ಪ್ರೀತಿಸ್ತಾನೆ. ಆಮೇಲೆ ಮ್ಯಾನೇಜರ್ ಪಾಲ್ ಪ್ರೆಂಟರ್ ಅಂತ ಒಬ್ಬ ಮೀಸೆ ಬಿಟ್ಕೊಂಡು ಎಂಟ್ರಿ ಕೊಡ್ತಾನೆ, ಕತ್ತಲೆ ಮೂಲೇಲಿ ನಿಂತು ನೋಡ್ತಾನೆ, ಅಲ್ಲಿಗೆ ಮುಗೀತು ಹುಡುಗನ ಕಥೆ. ಮೇರಿ ಜೊತೆಗಿದ್ರೆ ಹೊಂಬಿಸಿಲು, ಗೇ ಕ್ಲಬ್ಬಿಗೆ ಕಾಲಿಟ್ರೆ ಕೆಂಪು ಲೈಟು, ಹೊಗೆ, ನಮ್ಮ ಯಕ್ಷಗಾನದಲ್ಲಿ ರಾಕ್ಷಸ ಬರೋವಾಗ್ಲೂ ಇಷ್ಟು ಭಯ ಹುಟ್ಸಲ್ಲ. ಫ್ರೆಡ್ಡಿ ಮನೆ ಪಾರ್ಟಿಯಲ್ಲಿ ಬ್ಯಾಂಡಿನ ಉಳಿದೋರು ಮುಖ ಸಪ್ಪೆ ಮಾಡ್ಕೊಂಡು ಹೆಂಡ್ತೀರನ್ನ ಕರ್ಕೊಂಡು ಹೊತ್ತಿಗೆ ಮುಂಚೆ ಹೊರಟ್ಬಿಡ್ತಾರೆ, ರಾಕ್ ಬ್ಯಾಂಡೋ ಭಜನಾ ಮಂಡಳಿಯೋ ಅಂತ ಡೌಟ್ ಬರ್ಬೇಕು. ಈ ಸಿನಿಮಾದ ಸಂಗೀತದ ಉಸ್ತುವಾರಿ ಬ್ರಯಾನ್ ಮೇ ಮತ್ತು ರೋಜರ್ ಟೇಲರ್ ಅವರದ್ದೇ, ಅದೇ ಭಜನಾ ಮಂಡಳಿಯ ಹಾಲಿ ಸದಸ್ಯರು. ಬದುಕಿರೋದ್ರಿಂದ ಏನೇನು ಅನುಕೂಲ ನೋಡಿ.

ಫ್ರೆಡ್ಡಿ ಸೋಲೋ ಆಲ್ಬಂ ಮಾಡ್ತೀನಿ ಅಂದಾಗ ಸಿನಿಮಾದಲ್ಲಿ ಏನು ಗಲಾಟೆ ಅಂತೀರಾ, ಆಸ್ತಿ ಪಾಲು ಕೇಳಿದ ಹಾಗೆ, ಬ್ಯಾಂಡೇ ಒಡೆದು ಹೋಗುತ್ತೆ. ಅಲ್ರೀ, ರೋಜರ್ ಟೇಲರ್ 1981ರಲ್ಲೇ ಒಂದು ಸೋಲೋ ಆಲ್ಬಂ ಮಾಡಿದ್ರು, 1984ರಲ್ಲಿ ಇನ್ನೊಂದು, ಬ್ರಯಾನ್ ಮೇ 1983ರಲ್ಲಿ ಬೇರೆಯೋರ ಜೊತೆ ಸೇರಿ ರೆಕಾರ್ಡ್ ಬಿಟ್ಟಿದ್ರು, ಫ್ರೆಡ್ಡಿದು ಬಂದಿದ್ದು 1985ಕ್ಕೆ. ಅವರು ಮಾಡಿದ್ರೆ ಹವ್ಯಾಸ, ಇವನು ಮಾಡಿದ್ರೆ ಮನೆಮುರುಕತನ. ಬ್ಯಾಂಡ್ ಒಡೆದಿತ್ತು ಅಂತ ತೋರಿಸೋ ಆ 1985ರಲ್ಲೇ ಕ್ವೀನ್ ಜನವರಿಯಲ್ಲಿ ರಿಯೋದಲ್ಲಿ ಹಾಡಿ, ಮೇವರೆಗೂ ಟೂರ್ ಮಾಡಿ, ಜುಲೈ 13ಕ್ಕೆ ಲಂಡನ್ನಿನ ವೆಂಬ್ಲಿಯಲ್ಲಿ ಇಥಿಯೋಪಿಯಾದ ಬರಗಾಲಕ್ಕೆ ದುಡ್ಡು ಕೂಡಿಸೋಕೆ ನಡೆದ ಲೈವ್ ಏಡ್ ಅನ್ನೋ ಸಂಗೀತ ಕಾರ್ಯಕ್ರಮದ ಸ್ಟೇಜ್ ಹತ್ತಿದ್ದು. ವರ್ಷಗಟ್ಲೆ ಮುಖ ನೋಡ್ದೇ ಇದ್ದ ಅಣ್ಣತಮ್ಮಂದಿರು ಒಂದಾದ್ರು ಅನ್ನೋಕೆ ಅಲ್ಲಿ ದೂರ ಆಗೋಕೇ ಟೈಮ್ ಇರ್ಲಿಲ್ಲ.

ಆದ್ರೂ ಕ್ಷಮೆ ಕೇಳಿಸ್ಲೇಬೇಕು. ಲಾಯರ್ ಆಫೀಸಲ್ಲಿ ಮೂವರ ಮುಂದೆ ಕೈ ಕಟ್ಕೊಂಡು ತಪ್ಪಾಯ್ತು ಅಂತಾನೆ, ಅವನನ್ನ ಹೊರಗೆ ಕಳಿಸ್ತಾರೆ, ಯಾಕಪ್ಪಾ ಅಂದ್ರೆ ಬ್ರಯಾನ್‌ಗೆ ಸುಮ್ನೆ ಕಳಿಸ್ಬೇಕು ಅನ್ನಿಸ್ತಂತೆ! ಪಂಚಾಯ್ತಿ ಕಟ್ಟೆ ಕೆಳಗೆ ನಿಲ್ಸೋ ಸ್ಟೈಲು. ಆಮೇಲೆ ರಿಹರ್ಸಲ್ಲಲ್ಲಿ ನಂಗೆ ಏಡ್ಸ್ ಬಂದಿದೆ ಅಂತಾನೆ, ಎಲ್ರೂ ತಬ್ಕೋತಾರೆ, ಶಿಕ್ಷೆ ಆಯ್ತು, ಕ್ಷಮೆ ಆಯ್ತು, ಈಗ ಹಾಡ್ಬಹುದು. ಕೊನೇವರೆಗೂ ಅವನ ಜೊತೆ ಬಾಳಿದ ಜಿಮ್ ಹಟ್ಟನ್ ಬರೆದಿರೋ ಪ್ರಕಾರ ರೋಗ ಗೊತ್ತಾಗಿದ್ದು 1987ರಲ್ಲಿ, ಲೈವ್ ಏಡ್ ಆಗಿ ಎರಡು ವರ್ಷಕ್ಕೆ. ಪ್ರೆಂಟರ್ ಪೇಪರಿಗೆ ಫ್ರೆಡ್ಡಿ ಗುಟ್ಟು ಮಾರಿದ್ದೂ 1987ರಲ್ಲೇ, ಸಿನಿಮಾ ಅದನ್ನೂ ಹಿಂದಕ್ಕೆ ಎಳ್ಕೊಂಡು ಬಂದು ಲೈವ್ ಏಡ್‌ಗಿಂತ ಮುಂಚೆ ಕೂರಿಸಿದೆ, ಜಾತಕ ಕೂಡಿ ಬರ್ಲಿ ಅಂತ ಹುಟ್ಟಿದ ಟೈಮೇ ತಿದ್ದೋ ಜೋಯಿಸರ ಥರ. ನಿಜಕ್ಕೂ ಎದೆಗಾರಿಕೆ ಬೇಕಾಗಿದ್ದು ಆಮೇಲಿನ ವರ್ಷಗಳಿಗೆ, ಮೈ ಕರಗ್ತಾ ಇದ್ರೂ ಸ್ಟುಡಿಯೋಗೆ ಬಂದು ನಿಂತು ಹಾಡಿದ್ದು, 1991ರ ಫೆಬ್ರವರಿಯಲ್ಲಿ ಒಂದು ಆಲ್ಬಂ ಕೊಟ್ಟು ಅದೇ ನವೆಂಬರ್ 24ಕ್ಕೆ 45ನೇ ವಯಸ್ಸಿಗೆ ಹೊರಟಿದ್ದು. ಅದೆಲ್ಲ ಕೊನೇಲಿ ಬರೋ ಅಕ್ಷರದಲ್ಲಿ ಮುಗೀತು, ಪಾಪ್‌ಕಾರ್ನ್ ಡಬ್ಬ ಎಸೆಯೋ ಗಡಿಬಿಡೀಲಿ ಅದನ್ನ ಯಾರು ಓದ್ತಾರೆ.

ಜಿಮ್ ವಿಷ್ಯಕ್ಕೆ ಬಂದೆ ಅಲ್ವಾ. ಸಿನಿಮಾದಲ್ಲಿ ಅವನು ಫ್ರೆಡ್ಡಿ ಮನೆ ಪಾರ್ಟಿಗೆ ಬಂದ ವೇಟರ್, ಶಿಸ್ತಿನ ಮನುಷ್ಯ, ಮೊದ್ಲು ನಿನ್ನನ್ನ ನೀನು ಇಷ್ಟಪಡು ಆಮೇಲೆ ಬಾ ಅಂತ ಬುದ್ಧಿ ಹೇಳಿ ಹೊರಡ್ತಾನೆ. ನಿಜವಾದ ಜಿಮ್ ಸವಾಯ್ ಹೋಟೆಲಿನಲ್ಲಿ ಕೂದಲು ಕತ್ತರಿಸ್ತಿದ್ದೋರು, ಇಬ್ರಿಗೂ ಪರಿಚಯ ಆಗಿದ್ದು ಗೇ ಕ್ಲಬ್ಬಲ್ಲಿ. ಅದನ್ನ ಹಾಗೇ ತೋರ್ಸಿದ್ರೆ ಕೆಂಪು ಲೈಟಿನ ನರಕದಲ್ಲೂ ಒಳ್ಳೆಯವರು ಸಿಗ್ತಾರೆ ಅಂತಾಗ್ಬಿಡುತ್ತಲ್ಲ, ಅದಕ್ಕೇ ಸಂಬಂಧವನ್ನ ಮನೆ ಬಾಗಿಲಿಗೇ ತರಿಸಿದಾರೆ. ಇನ್ನು ಫ್ರೆಡ್ಡಿ ಬೈಸೆಕ್ಷುಯಲ್ ಇರ್ಬೇಕು ನಾನು ಅಂದ್ರೆ ಮೇರಿ ಅಲ್ಲ ನೀನು ಗೇ ಅಂತ ತೀರ್ಪು ಕೊಡ್ತಾಳೆ, ಸಿನಿಮಾ ಸಹಿ ಹಾಕುತ್ತೆ, ಮುಂದೆ ಮ್ಯೂನಿಕ್‌ನಲ್ಲಿ ಅವನಿಗೆ ಅಷ್ಟು ಹತ್ತಿರ ಇದ್ದ ನಟಿ ಬಾರ್ಬರಾ ವ್ಯಾಲೆಂಟಿನ್ ಫ್ರೇಮಿನಿಂದ್ಲೇ ಮಾಯ. ಎರಡು ಕಡೆ ಕಾಲಿಟ್ಟೋನು ಅಂದ್ರೆ ಕಥೆಗೆ ತೊಡಕು ನೋಡಿ. ಮೇರಿಗಾದ್ರೂ ಏನಿದೆ ಕೆಲ್ಸ, ಪ್ರೀತಿಸೋದು, ಕಣ್ಣೀರು ಹಾಕೋದು, ಮಳೇಲಿ ಬಂದು ಎಚ್ಚರಿಸಿ ಹೋಗೋದು.

ಬಣ್ಣದ ವಿಷ್ಯ ಇನ್ನೂ ಸುಲಭವಾಗಿ ಬಗೆಹರಿಸಿದಾರೆ. 1970ರ ಲಂಡನ್ನು, ಏರ್‌ಪೋರ್ಟಲ್ಲಿ ಲಗೇಜ್ ಎತ್ತೋ ಹುಡುಗನಿಗೆ ಒಬ್ಬ ಪಾಕಿ ಅಂತ ಬೈತಾನೆ, ಇವನು ನಾನು ಪಾಕಿಸ್ತಾನದೋನಲ್ಲ ಅಂತಾನೆ. ಅಂದ್ರೆ ವರ್ಣದ್ವೇಷ ಅಂದ್ರೆ ಭೂಗೋಳದಲ್ಲಿ ವೀಕು, ತಿದ್ದಿದ್ರೆ ಆಯ್ತು. ಆಮೇಲೆ ಹಿಟ್ ಆದ, ಬ್ರಿಟನ್ನಿಗೆ ಬಣ್ಣವೇ ಕಾಣಲ್ಲ. ಫರ್ರೂಖ್ ಬುಲ್ಸಾರಾ, ಪಾರ್ಸಿ ಮನೆ ಮಗ, ಹುಟ್ಟಿದ್ದು 1946ರಲ್ಲಿ ಜಂಜಿಬಾರ್‌ನಲ್ಲಿ, 1964ರ ಕ್ರಾಂತಿ ಟೈಮಲ್ಲಿ ಮನೆಯವರೆಲ್ಲ ಊರು ಬಿಟ್ಟು ಇಂಗ್ಲೆಂಡಿಗೆ ಬಂದಿದ್ದು, ಇವೆಲ್ಲ ಊಟದ ಟೇಬಲ್ ಮೇಲೆ ಉಪ್ಪಿನಕಾಯಿ ಬಡಿಸಿದಷ್ಟು. ಪಿಯಾನೋ ಬಾರಿಸಿ ಮೊದಲ ಬ್ಯಾಂಡ್ ಕಟ್ಟಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗನಿಯ ಬೋರ್ಡಿಂಗ್ ಸ್ಕೂಲಲ್ಲಿ, ಫ್ರೆಡ್ಡಿ ಅನ್ನೋ ಹೆಸರು ಅಂಟಿದ್ದೂ ಅಲ್ಲೇ. ಆ ಪಂಚಗನಿಗೆ ಒಂದು ಶಾಟ್ ಕೂಡ ಇಲ್ಲ. ಅಪ್ಪನಿಗೆ ಮಾತ್ರ ಒಳ್ಳೆ ಆಲೋಚನೆ ಒಳ್ಳೆ ಮಾತು ಒಳ್ಳೆ ಕೆಲಸ ಅನ್ನೋ ಜರತುಷ್ಟ್ರ ಧರ್ಮದ ಡೈಲಾಗ್ ಕೊಟ್ಟು ಕೂರಿಸಿದಾರೆ, ಲೈವ್ ಏಡ್ ದಿನ ಮಗ ಜಿಮ್ ಜೊತೆ ಮನೆಗೆ ಬಂದು ಇವನು ನನ್ನ ಫ್ರೆಂಡು, ಇವತ್ತು ದುಡ್ಡಿಲ್ದೆ ಹಾಡ್ತಿದೀವಿ ಅಂದ್ಮೇಲೆ ಅಪ್ಪ ಕರಗ್ತಾರೆ. ಅಲ್ಲಿಗೆ ಇನ್ನೊಂದು ಕ್ಷಮೆ.

ಇಷ್ಟೆಲ್ಲ ಆದ್ಮೇಲೆ 2019ರ ಆಸ್ಕರ್ ಸ್ಟೇಜ್ ಮೇಲೆ ಫ್ರೆಡ್ಡಿ ಪಾತ್ರ ಮಾಡಿದ ರಾಮಿ ಮಲೆಕ್ ಏನಂದ್ರು ಗೊತ್ತಾ, ಒಬ್ಬ ಗೇ ಮನುಷ್ಯನ, ಒಬ್ಬ ವಲಸಿಗನ ಕಥೆ ಮಾಡಿದೀವಿ, ಯಾರಿಗೂ ತಲೆ ಬಾಗದೆ ತಾನು ತಾನಾಗೇ ಬದುಕಿದೋನು ಅವನು ಅಂತ. ಪಾಪ, ಫ್ರೆಡ್ಡಿ ಥರ ಉಬ್ಬು ಹಲ್ಲು ಕಟ್ಟಿಸ್ಕೊಂಡು ಅಷ್ಟು ಚೆನ್ನಾಗಿ ನಟಿಸಿದ ಮನುಷ್ಯ, ನಟಿಸೋ ಗಡಿಬಿಡೀಲಿ ಸ್ಕ್ರಿಪ್ಟ್ ಓದೋಕೆ ಪುರುಸೊತ್ತು ಸಿಕ್ಕಿಲ್ವೇನೋ.

ಚೀನಾದ ಮ್ಯಾಂಗೋ ಟೀವಿಯೋರು ಆ ಭಾಷಣಕ್ಕೆ ಸಬ್‌ಟೈಟಲ್ ಹಾಕೋವಾಗ ಗೇ ಮನುಷ್ಯ ಅನ್ನೋ ಕಡೆ "ವಿಶೇಷ ಗುಂಪು" ಅಂತ ಬರೆದ್ರು. ಮುಂದಿನ ತಿಂಗಳು ಅಲ್ಲಿ ಸಿನಿಮಾ ಬಂದಾಗ ಗಂಡಸರು ಮುತ್ತು ಕೊಡೋದು, ಬ್ಯಾಂಡಿನ ನಾಲ್ಕೂ ಜನ ಹೆಂಗಸರ ವೇಷ ಹಾಕ್ಕೊಂಡು ಮಾಡಿದ 1984ರ ವಿಡಿಯೋದ ಸೀನು, ಎಲ್ಲ ಎಗರಿಸಿ ಎರಡು ನಿಮಿಷದ ಮೇಲೆ ಕತ್ತರಿ ಆಡಿಸಿದ್ರು. ಜಗತ್ತೆಲ್ಲ ಛೀ ಥೂ ಅಂತು. ನಂಗಂತೂ ಅವ್ರ ಮೇಲೆ ಕನಿಕರವೇ ಬಂತು, ಉಳಿದೋರು ಎರಡು ಗಂಟೆ ತಗೊಂಡು ಮಾಡಿದ್ದನ್ನ ಅವರು ಎರಡು ನಿಮಿಷದಲ್ಲಿ ಮುಗಿಸಿದಾರೆ, ಎಡಿಟಿಂಗ್ ಆಸ್ಕರ್ ಮಾತ್ರ ಈ ಕಡೆ ಬಂದ್ಬಿಡ್ತು.