ಜೆರಾಕ್ಸ್ ಅಂಗಡಿಯಲ್ಲಿ ಉಳಿದುಹೋಗುವ ಕಾಗದಗಳು

ರಾಯಚೂರಿನ ಸರ್ಕಾರಿ ಕಚೇರಿಗಳ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಕೆಲಸಕ್ಕಿರುವ ಹುಡುಗರ ಮಾತು ಬಂದಾಗಲೆಲ್ಲ, "ಅದೇನು ಮಹಾ ಕೆಲಸ, ಗುಂಡಿ ಒತ್ತಿದರೆ ಕಾಗದ ಬರುತ್ತದೆ" ಎನ್ನುವವರೇ ಹೆಚ್ಚು. ಕೆಲವು ವರ್ಷ ಅಂಥದ್ದೇ ಒಂದು ಅಂಗಡಿಯಲ್ಲಿ ದುಡಿದ ನನ್ನ ಮಟ್ಟಿಗೆ ಗುಂಡಿ ಒತ್ತುವುದು ಆ ಕೆಲಸದ ತೀರಾ ಸುಲಭದ ಭಾಗ. ಊರಿನವರ ಖಾಸಗಿ ಕಾಗದಪತ್ರಗಳನ್ನು ಜೋಪಾನವಾಗಿ ನಿಭಾಯಿಸುವುದೇ ನಿಜವಾದ ಕೆಲಸ, ಮತ್ತು ಅದನ್ನು ಮಾತ್ರ ಯಾರೂ ಕಲಿಸುವುದಿಲ್ಲ.

ಯಂತ್ರವನ್ನು ಚೆನ್ನಾಗಿಯೇ ಕಲಿಸುತ್ತಾರೆ. ನಮ್ಮ ಬೇಸಿಗೆಯ ಒಣಹವೆಯಲ್ಲಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಎರಡೆರಡಾಗಿ ಒಳಗೆ ಹೋಗುವುದರಿಂದ, ಕಟ್ಟು ಬಿಚ್ಚಿದ ಮೇಲೆ ಬೀಸಿ ಸಡಿಲಿಸಿಯೇ ಟ್ರೇಗೆ ಹಾಕಬೇಕು. ಪ್ರತಿಯ ಉದ್ದಕ್ಕೂ ಕಪ್ಪು ಗೆರೆ ಬಂದರೆ ಮೊದಲು, ಹಾಳೆಗಳನ್ನು ತಾನಾಗಿಯೇ ಒಳಗೆಳೆದುಕೊಳ್ಳುವ ಫೀಡರ್‌ನ ಕಿರಿದಾದ ಗಾಜಿನ ಪಟ್ಟಿಯ ಮೇಲೆ ಧೂಳು ಕೂತಿದೆಯೇ ಎಂದು ನೋಡಬೇಕು; ಅಚ್ಚು ಮೂಡಿಸುವ ಡ್ರಮ್ಮಿನ ಮೇಲಿನ ಅನುಮಾನ ಆಮೇಲಿನದು. ಅಂಗಿಯ ಮೇಲೆ ಟೋನರ್ ಚೆಲ್ಲಿದರೆ ತಣ್ಣೀರಿನಲ್ಲೇ ತೊಳೆಯಬೇಕು, ಏಕೆಂದರೆ ಅದು ಬಿಸಿಗೆ ಕರಗಿ ಹಿಡಿದುಕೊಳ್ಳಲೆಂದೇ ಮಾಡಿದ ಪುಡಿ. 1948ರವರೆಗೆ ಈ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಜಮೀನಿನ ಹಳೆಯ ಕಾಗದಗಳು ಉರ್ದುವಿನಲ್ಲಿರುವುದುಂಟು. ಮಡಿಕೆಯಲ್ಲಿ ಸವೆದ ಅಂಥ ಹಾಳೆಯನ್ನು ಫೀಡರ್‌ಗೆ ಕೊಟ್ಟರೆ ಹರಿದೇ ಹೋದೀತೆಂದು, ಗಾಜಿನ ಮೇಲೆ ಹಗುರವಾಗಿ ಬಿಡಿಸಿಟ್ಟು, ಮಾಸಿದ ಶಾಯಿ ಕಾಣುವಷ್ಟು ಕಪ್ಪು ಹೆಚ್ಚಿಸಿ ತೆಗೆಯುತ್ತೇವೆ.

ಆದರೆ ಗಿರಾಕಿ ಪ್ರತಿ ಒಯ್ದ ಮೇಲೆ ಅಂಗಡಿಯಲ್ಲಿ ಏನು ಉಳಿಯುತ್ತದೆ? ನೇಮಕಾತಿಯ ಅಧಿಸೂಚನೆ ಹೊರಬಿದ್ದ ದಿನಗಳಲ್ಲಿ, ಸಂವಿಧಾನದ 98ನೇ ತಿದ್ದುಪಡಿ ನಮ್ಮ ಭಾಗಕ್ಕೆ ತಂದುಕೊಟ್ಟ 371(ಜೆ) ವಿಧಿಯ ಸ್ಥಳೀಯ ಮೀಸಲಾತಿ ಸೌಲಭ್ಯಕ್ಕಾಗಿ, ಅರ್ಹತಾ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಜಾತಿ ಮತ್ತು ಆದಾಯದ ಪತ್ರ, ಆಧಾರ್ ಎಲ್ಲವನ್ನೂ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳುಹಿಸಿ "ಅಣ್ಣಾ, ಎರಡೆರಡು ಪ್ರಿಂಟ್ ತೆಗೀರಿ" ಎಂದು ನಿಲ್ಲುತ್ತಾರೆ. ಪ್ರಿಂಟ್ ಹೋಗುತ್ತದೆ, ಫೈಲ್ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಸೊಟ್ಟಗೆ ಬಂದ ಪ್ರತಿಗಳು ರದ್ದಿಗೆ ಹೋಗುತ್ತವೆ, ಅಲ್ಲಿಂದ ಮಿರ್ಚಿ ಬಜ್ಜಿ ಬಂಡಿಗೂ ಹೋಗಬಹುದು. ದೊಡ್ಡ ಯಂತ್ರಗಳಲ್ಲಿ ಅನೇಕವಕ್ಕೆ ಒಳಗೇ, ತೆಗೆದ ಪ್ರತಿಗಳ ಚಿತ್ರ ಉಳಿದಿರಬಹುದಾದ ಹಾರ್ಡ್ ಡಿಸ್ಕ್ ಇರುತ್ತದೆಂಬುದು, ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಮಾರುವಾಗಲೂ ಎಷ್ಟೋ ಮಾಲೀಕರ ನೆನಪಿಗೆ ಬರುವುದಿಲ್ಲ.

ಇದರಲ್ಲಿ ಅಂಗಡಿಯವರನ್ನಷ್ಟೇ ದೂರುವುದು ಅನ್ಯಾಯ. ತನ್ನ ಕಂಪ್ಯೂಟರಿನಲ್ಲೇ ಇರುವ ಪಹಣಿಯ ಪ್ರತಿಯನ್ನು ರೈತನಿಂದಲೇ ಕೇಳುವ ಕಚೇರಿಗಳಿರುವವರೆಗೆ ಈ ಕಾಗದದ ಹೊಳೆ ನಿಲ್ಲದು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯು ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತು. ತಪ್ಪಾಗಿ ಅರ್ಥೈಸುವ ಸಂಭವವಿದೆಯೆಂದು ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಮಾಸ್ಕ್ಡ್ ಆಧಾರ್ ಇಂದಿಗೂ ಸಿಗುತ್ತದೆ. ಆದರೆ ಅದನ್ನು ಒಯ್ದವರನ್ನು "ಪೂರ್ತಿ ನಂಬರ್ ಬೇಕು" ಎಂದು ಮರಳಿ ನಮ್ಮ ಅಂಗಡಿಗೇ ಅಟ್ಟಿದ ಕೌಂಟರ್‌ಗಳನ್ನು ನಾನು ಕಂಡಿದ್ದೇನೆ.

ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಆದರೆ ದಿನಗೂಲಿಯ ಹುಡುಗನಿಗೆ ಅದನ್ನು ಓದಿ ಹೇಳುವವರು ಯಾರು? ಹಾಳಾದ ಪ್ರತಿಯನ್ನು ಗಿರಾಕಿಯ ಕೈಗೇ ಕೊಡುವುದು ಅಥವಾ ಅವರೆದುರೇ ಹರಿದುಹಾಕುವುದು, ಪ್ರಿಂಟ್ ಆದ ಫೈಲನ್ನು ಅಲ್ಲೇ ಅಳಿಸುವುದು, ಇಷ್ಟನ್ನು ಪ್ರತಿಯ ದರ ಹೇಳಿಕೊಡುವ ದಿನವೇ ಹೇಳಿಕೊಟ್ಟರೆ ಸಾಕು, ಖರ್ಚೇನೂ ಇಲ್ಲ. ಗಿರಾಕಿ ನಾಳೆ ಬಂದು ಅದೇ ಫೈಲ್ ಕೇಳಿದರೆ ಏನು ಮಾಡುವುದೆಂದು ಮಾಲೀಕರು ಕೇಳುತ್ತಾರೆ. ಫೈಲ್ ಅವರ ಮೊಬೈಲಿನಲ್ಲಿಯೇ ಇರುತ್ತದೆ, ಇನ್ನೊಮ್ಮೆ ಕಳುಹಿಸುತ್ತಾರೆ.